ಕಾಲುಸುಟ್ಟ ಬೆಕ್ಕಿನ ತಾಳ್ಮೆ

ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಟೀಚರ್ ದರ್ಜಿಯ ಮನೆಯ ನೆಲದ ಮೇಲೆ ಬೋರಲು ಮಲಗಿ, ಅವನ ಮಗಳು ಜೋಡಿಸಿದ್ದ ಗುಂಡಿಗಳ ಸಾಲಿಗೆ ಹಸಿರು ಗುಂಡಿಯೊಂದನ್ನು ಸೇರಿಸುತ್ತಿದ್ದರು. ಮಲಗಿದಾಗಲೂ ಒಂದು ಪಾದ ಗಾಳಿಯಲ್ಲಿ ಕುಣಿಯುತ್ತಿತ್ತು. ಬಾಗಿಲು ತೆರೆಯುವಷ್ಟರಲ್ಲಿ ಮೂರು ಸಲ ಗಂಟೆ ಒತ್ತುವ, ಆರುವ ಮೊದಲೇ ಚಹಾ ಕುಡಿದು ನಾಲಿಗೆ ಸುಟ್ಟುಕೊಳ್ಳುವ, ಒಂದು ಮಾತನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರುವ ಈ ಹೆಂಗಸಿಗೆ ದರ್ಜಿ ಮನಸ್ಸಿನಲ್ಲೇ ‘ಕಾಲುಸುಟ್ಟ ಬೆಕ್ಕು’ ಎಂದು ಹೆಸರಿಟ್ಟಿದ್ದ. ಆಟಿಸಂ ಇರುವ ಮಗಳಿಗೆ ಕಲಿಸಲೆಂದು ಮನೆಗೆ ಬರುತ್ತಿದ್ದವರು ಅವಳನ್ನು ಬಿಟ್ಟು ತನಗೇ ಪಾಠ ಹೇಳುತ್ತಿದ್ದುದು ಅವನಿಗೆ ಇರುಸುಮುರುಸು.

ಅಂದು ಅವನ ಚಡಪಡಿಕೆಗೆ ಬೇರೆ ಕಾರಣವೂ ಇತ್ತು. ಹತ್ತೊಂಬತ್ತರ ಈ ಮಗಳನ್ನು ಇಂಥವರಿಗೆಂದೇ ಇರುವ ವಸತಿಶಾಲೆಯೊಂದಕ್ಕೆ ಸೇರಿಸಿಬಿಡು ಎಂದು ಅವನ ಅಕ್ಕ ಹಟ ಹಿಡಿದಿದ್ದಳು. ಸಂಜೆಯೊಳಗೆ ಉತ್ತರ ಕೊಡಬೇಕಿತ್ತು.

“ಅವಳನ್ನ ಕೇಳಿದ್ರಾ?” ಎಂದರು ವಿಷಯ ತಿಳಿದ ಟೀಚರ್.

“ನೂರು ಸಲ ಕೇಳಿದೀನಿ ಮೇಡಂ. ಗೋಡೆ ಹತ್ರ ಮಾತಾಡಿದ ಹಾಗೆ.”

“ನೂರು ಸಲ ಕೇಳಿದ್ದೇ ತಪ್ಪು. ಒಂದೇ ಸಲ ಕೇಳಿ, ಆಮೇಲೆ ಬಾಯಿಗೆ ಹೊಲಿಗೆ ಹಾಕ್ಕೊಳ್ಳಿ. ನಿಮ್ಮ ಕಸುಬೇ ಅಲ್ವಾ ಅದು?”

ದರ್ಜಿ ಕೇಳಿದ. “ಮಗಾ, ಇಲ್ಲೇ ಇರ್ತೀಯಾ, ಆ ಶಾಲೆಗೆ ಹೋಗ್ತೀಯಾ?”

ಮಗಳು ಗುಂಡಿಯನ್ನು ತಿರುಗಿಸಿದಳು. ಟೀಚರ್ ಎದ್ದು ಕುಳಿತರು. ಅವರ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳನ್ನು ಒಂದೊಂದಾಗಿ ಎಣಿಸತೊಡಗಿತು. ಮಗಳ ತುಟಿ ತುಸು ಬಿರಿಯಿತು. ಅಷ್ಟರಲ್ಲಿ “ಹೇಳಮ್ಮಾ, ಹೇಳು!” ಎಂಬ ದನಿ ಕೇಳಿತು. ದರ್ಜಿಯದಲ್ಲ, ಟೀಚರದೇ. ತುಟಿ ಮುಚ್ಚಿಕೊಂಡಿತು.

“ಥೂ, ನನ್ನ ಬಾಯಿಗೆ ಬೀಗ ಹಾಕ!” ಹಣೆ ಚಚ್ಚಿಕೊಂಡು, ಕುಣಿಯುವ ಕಾಲನ್ನು ತೊಡೆಯಡಿಗೆ ಸಿಕ್ಕಿಸಿಕೊಂಡರು. “ನಡುವೆ ಬಾಯಿ ಹಾಕಿದ್ರೆ ಅವಳು ಮತ್ತೆ ಮೊದಲಿಂದ ಯೋಚಿಸ್ಬೇಕು. ಸಾಲು ಮುಗೀಲಿ. ಆಮೇಲೆ ಕೇಳಿ.”

ಸಾಲು ಮುಗಿದ ಮೇಲೆ ದರ್ಜಿ ಎರಡನೆಯ ಸಲ ಕೇಳಿದ. ಬೀದಿಯಲ್ಲಿ ಗಾಡಿಯೊಂದು ಹಾದುಹೋಯಿತು, ಅಡುಗೆಮನೆಯ ನಲ್ಲಿ ತೊಟ್ಟಿಕ್ಕಿತು, ದರ್ಜಿಯ ಎದೆ ಹೊಲಿಗೆಯಂತ್ರದ ಹಾಗೆ ಓಡಿತು. ಟೀಚರ ಹಣೆ ಬೆವರಿತು, ಹೆಬ್ಬೆರಳೊಂದೇ ಚಲಿಸುತ್ತಿತ್ತು. ಆಗ ಮಗಳು, ಗುಂಡಿಯಿಂದ ಕಣ್ಣೆತ್ತದೆ, “ಇಲ್ಲಿ. ಅಪ್ಪನ ಮಿಷನ್ ಹತ್ರ,” ಎಂದಳು.

ಸಂಜೆ ದರ್ಜಿ ಅಕ್ಕನಿಗೆ ಹೇಳಿದ್ದು ಅಷ್ಟನ್ನೇ.

ಹುಟ್ಟಾ ತಾಳ್ಮೆಯವರು ಕಾಯುವುದರಲ್ಲಿ ವಿಶೇಷವೇನಿಲ್ಲ. ಒಳಗೆ ಕೆಂಡವಿಟ್ಟುಕೊಂಡೂ ಇನ್ನೊಬ್ಬರ ನಡಿಗೆಗೆ ತಮ್ಮನ್ನು ಕಟ್ಟಿಹಾಕಿಕೊಳ್ಳುವವರದು ಬೇರೆಯೇ ಜಾತಿ. ಕಾಯಲಾರದ ತಂದೆಯೊಬ್ಬನಿಗೆ ಕಾಯುವುದನ್ನು ಹಂಗಿಸದೆ ಕಲಿಸಬಲ್ಲವರು ಬಹುಶಃ ಅವರೇ. ಅಂದು ಚಪ್ಪಲಿ ಮೆಟ್ಟುತ್ತಲೇ ಮೆಟ್ಟಿಲಿಳಿಯುತ್ತಿದ್ದ ಟೀಚರನ್ನು ತಡೆದು, ಒಂದು ಮಾತಿಗೆ ಎಷ್ಟು ಕಾಯಬೇಕೆಂದು ದರ್ಜಿ ಕೇಳಿದ್ದ. ಒಂದು ಕಾಲನ್ನು ಆಗಲೇ ಬೀದಿಯಲ್ಲಿಟ್ಟಿದ್ದ ಅವರು ತಮ್ಮ ಬೆರಳುಗಳನ್ನೊಮ್ಮೆ ನೋಡಿಕೊಂಡು ಹೇಳಿದರು:

“ಇವತ್ತಿಗೆ, ಇಪ್ಪತ್ತಾರು ಗೆಣ್ಣು.”