ಶನಿವಾರದ ಕಬ್ಬಿಣ

ಶುಕ್ರವಾರ ಸಂಜೆ ಕಚೇರಿಯಿಂದ ಸುದ್ದಿ ಬಂದಾಗ ವಿಜಯಶ್ರೀ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಫೋನು ಎತ್ತಿ ಓದಿದಳು. ನಗರದ ಇನ್ನೊಂದು ತುದಿಯ ಕೊಂಡಾಪುರದ ಕಂಪನಿಯೊಂದರಲ್ಲಿ ಅವಳದು ಆಸ್ಪತ್ರೆಗಳ ವಿಮೆ ಬಿಲ್ಲಿನ ತಪ್ಪು ತಿದ್ದುವ ಕೆಲಸ. ಅದನ್ನು ಇನ್ನು ಮುಂದೆ ಸಿಕಂದರಾಬಾದ್ ಹತ್ತಿರದ ಮಲ್ಕಾಜ್‌ಗಿರಿಯ ಮನೆಯಿಂದಲೇ ಮಾಡಬಹುದು ಎಂದು ಕೊನೆಗೂ ಒಪ್ಪಿದ್ದರು. ಆದರೆ ಕಂಪ್ಯೂಟರ್ ಅವಳದೇ ಇರಬೇಕು, ಸೋಮವಾರ ಬೆಳಿಗ್ಗೆ ಕೆಲಸ ಶುರುವಾಗಬೇಕು. ಆಗದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ.

ಅತ್ತೆ ಶಿವದೇವಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಾಗಿನಿಂದ ವಿಜಯಶ್ರೀ ರಜೆಯ ಮೇಲೆ ರಜೆ ಹಾಕುತ್ತಿದ್ದಳು. ಗಂಡ ಮಹೇಶಕುಮಾರನದು ರೈಲ್ವೆ ಬುಕಿಂಗ್ ಕೌಂಟರಿನ ಪಾಳಿ ಕೆಲಸ. ಹಗಲಿಗೆ ಸಿಕ್ಕರೆ ರಾತ್ರಿಗಿಲ್ಲ, ರಾತ್ರಿಗೆ ಸಿಕ್ಕರೆ ಹಗಲಿಗಿಲ್ಲ. ಅತ್ತೆಯನ್ನು ಬಿಟ್ಟು ಕೊಂಡಾಪುರಕ್ಕೆ ಹೋಗುವ ಹಾಗಿರಲಿಲ್ಲ, ಕೆಲಸ ಬಿಟ್ಟರೆ ಮನೆಯ ಸಾಲದ ಕಂತು ನಡೆಯುವ ಹಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಆ ಕೆಲಸ ಇಷ್ಟವಿತ್ತು.

ಅವಳು ಒಲೆ ಆರಿಸಿ ಅತ್ತೆಯ ಕೋಣೆಗೆ ಓಡಿದಳು.

"ಅತ್ತಿ, ಮನಿಯಿಂದನ ಕೆಲಸ ಮಾಡು ಅಂದಾರ್ರೀ."

ಶಿವದೇವಿಯವರ ಮುಖ ಅರಳಿತು. "ಪುಣ್ಯಾತ್ಮರು. ನಾ ನಿನ್ನ ಕೊರಳಿಗೆ ಬಿದ್ದೀನಿ ಅಂತ ದಿನಾ ಜೀವ ಚುರ್ ಅಂತಿತ್ತು ನೋಡವ್ವ."

"ನಾಳೆ ಹೋಗಿ ಕಂಪ್ಯೂಟರಿನ ಸಾಮಾನು ತರ್ತೀನ್ರಿ. ಬಿಡಿ ಬಿಡಿ ತಗೊಂಡು ಜೋಡ್ಸಿದ್ರ ಸೋವಿ ಬೀಳ್ತೈತಿ."

"ನಾಳೆ?" ಎಂದರು ಶಿವದೇವಿ. ಅರಳಿದ ಮುಖ ಅಲ್ಲಿಯೇ ನಿಂತಿತು. "ನಾಳೆ ಶನಿವಾರ."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವುದು ಇದಕ್ಕೇ. ಶನಿವಾರ ಕಬ್ಬಿಣ ಕೊಳ್ಳಬಾರದು ಎನ್ನುವ ಮಾತು ಎಷ್ಟೋ ಮನೆಗಳಲ್ಲಿದೆ. ಹೇಳುತ್ತಾರೆ, ಅವಸರ ಬಿದ್ದರೆ ಮರೆಯುತ್ತಾರೆ. ಈ ಮನೆಯಲ್ಲಿ ಮರೆಯುವ ಮಾತಿರಲಿಲ್ಲ. ಆಸ್ಪತ್ರೆಯಿಂದ ಬಿಟ್ಟ ದಿನವೂ ಶನಿವಾರವೇ ಆಗಿತ್ತು. ವಾಕರ್ ಇಲ್ಲದೆ ಮನೆಗೆ ಕಳಿಸುವುದಿಲ್ಲ ಎಂದಿದ್ದರು ಡಾಕ್ಟರು. ಅಂಗಡಿಯವನು ಥಳಥಳ ಹೊಳೆಯುವ ವಾಕರ್ ತಂದು ನಿಲ್ಲಿಸಿದ. ನೋವಿನಲ್ಲಿ ಹಲ್ಲು ಕಚ್ಚಿ ಗಾಲಿಕುರ್ಚಿಯಲ್ಲಿ ಕೂತಿದ್ದ ಶಿವದೇವಿ ಅದರ ಕಾಲನ್ನು ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, "ಅಲ್ಯುಮಿನಿ ಐತಿ, ತಗೋರಿ" ಎಂದರು. ಅದು ಬೇಗಂ ಬಜಾರಿನಲ್ಲಿ ಭಾಂಡೆ ಪಾತ್ರೆ ಕೊಳ್ಳುತ್ತ ಬಂದ ವಿದ್ಯೆ. ಹಿತ್ತಾಳೆಯಾಗಲಿ, ಕಂಚಾಗಲಿ, ತಗಡಾಗಲಿ, ಯಾವ ಲೋಹವೂ ಆ ಬೆರಳಿಗೆ ಸುಳ್ಳು ಹೇಳಿದ್ದನ್ನು ವಿಜಯಶ್ರೀ ಕಂಡಿರಲಿಲ್ಲ.

ನಗುವಂಥ ಮಾತೇ. ಆದರೆ ಅದರ ಹಿಂದಿನ ಕತೆ ಗೊತ್ತಿದ್ದವರು ನಗಲಾರರು. ಮಹೇಶ ತೊಟ್ಟಿಲಲ್ಲಿದ್ದಾಗ ಶಿವದೇವಿ ಓಣಿಯ ಒಬ್ಬಾಕೆಯ ಹತ್ತಿರ ಹೊಲಿಗೆ ಕಲಿತಿದ್ದರು. ಮನೆಯಲ್ಲೇ ಕೂತು ಜಂಪರು ಹೊಲಿದು ತಮ್ಮದೂ ಅಂತ ನಾಲ್ಕು ಕಾಸು ಮಾಡಬೇಕೆಂಬ ಆಸೆ ಅವರಿಗೆ. ಗಂಡ ಲಿಂಗಣ್ಣ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು, ಸಂಬಳವಾದ ಶನಿವಾರ ರಿಕ್ಷಾದಲ್ಲಿ ಒಂದು ಹೊಲಿಗೆ ಮಷಿನ್ನು ಹೇರಿಕೊಂಡು ಬಂದರು. ಆ ತಿಂಗಳು ಮುಗಿಯುವುದರೊಳಗೆ ಕಾಮಾಲೆಯಾಗಿ ತೀರಿಕೊಂಡರು. ಮಾತಾಡಿಸಲು ಬಂದ ಹೆಂಗಸರಲ್ಲಿ ಒಬ್ಬಾಕೆ, "ಶನಿವಾರ ಕಬ್ಬಿಣ ಹೊಗಿಸಿದಳು, ಗಂಡನ್ನ ನುಂಗಿಕೊಂಡಳು" ಎಂದು ಕೇಳಿಸುವ ಹಾಗೆಯೇ ಅಂದಳು. ಅಂದವಳು ಎಂದೋ ಮರೆತಿದ್ದಾಳು. ಮಷಿನ್ನನ್ನು ಒಂದು ಹೊಲಿಗೆಯನ್ನೂ ಹಾಕದೆ ಮಾರಿದರು. ಗಂಡನ ಬದಲಿಗೆ ಸಿಕ್ಕ ರೈಲ್ವೆಯ ಜವಾನ ಕೆಲಸದಲ್ಲಿ ಶಿವದೇವಿ ಮಗನನ್ನು ಬೆಳೆಸಿದರು.

ಮಹೇಶ ಊಟಕ್ಕೆ ಕೂತಾಗ ದಾರಿ ಹುಡುಕಿದ. "ಯವ್ವಾ, ನಾಡದು ಐತವಾರ ಆ ಮಾರ್ಕೆಟ್ಟು ಬಂದ್ ಇರ್ತೈತಿ. ನಾಳೆ ತಂದು ಬಾಜೂ ಮನ್ಯಾಗ ಇಡೂಣು, ನಾಡದು ಒಳಗ ತರೂಣು."

"ಅಂದ್ರ ಅವರ ಮನಿಗೆ ಶನಿ ಹೊಗಬೇಕೇನು? ಅವರು ನಿನಗೇನು ಮಾಡ್ಯಾರ?"

"ಹಂಗಾರ ನಾಳೆ ತರೂದು, ರೊಕ್ಕ ಐತವಾರ ಫೋನಿನಾಗ ಕಳಸೂದು."

"ಕೈಯಾಗ ಹಿಡದ ದಿನಾನ ಕೊಂಡಂಗ. ನಿಮ್ಮಪ್ಪನೂ ಹಿಂಗ ವಾದ ಮಾಡ್ತಿದ್ದ." ಅಲ್ಲಿಗೆ ಮಹೇಶ ತಟ್ಟೆಗೆ ತಲೆ ಬಗ್ಗಿಸಿದ. ಸ್ವಲ್ಪ ಹೊತ್ತಿನ ಮೇಲೆ ಶಿವದೇವಿಯೇ ಮೆಲ್ಲಗೆ ಅಂದರು: "ವಿಜಯಾ, ನಿನ್ನ ಕೆಲಸ ಹೋಗಬಾರದು. ಕಬ್ಬಿಣ ಬರಬಾರದು. ಶಾಣ್ಯಾಕಿ ಇದ್ದಿ, ಹೆಂಗಾಗ್ತದ ನೋಡು."

ವಿಜಯಶ್ರೀಗೆ ಶನಿದೇವರ ಭಯ ಅಷ್ಟಾಗಿ ಇರಲಿಲ್ಲ. ಆದರೆ ಅತ್ತೆಯ ಭಯ ಯಾರಿಗಾಗಿ ಎಂಬುದು ಚೆನ್ನಾಗಿ ಗೊತ್ತಿತ್ತು. ಎದುರಿಗೆ ಕೂತು ಪುಂಡಿಪಲ್ಯ ಕಲೆಸುತ್ತಿದ್ದ ಈ ಮನುಷ್ಯನಿಗಾಗಿ. ಅವನ ಜೀವಕ್ಕೆ ತನ್ನಷ್ಟೇ ಹೆದರುವ ಇನ್ನೊಂದು ಜೀವ ಮನೆಯಲ್ಲಿದ್ದರೆ ಅದನ್ನು ಅಣಕಿಸಲು ಅವಳಿಗೆ ಬಾಯಿ ಬರಲಿಲ್ಲ.

ಮರುದಿನ ಮಹೇಶನಿಗೆ ರಜೆ. ಅವನನ್ನು ಅತ್ತೆಯ ಹತ್ತಿರ ಬಿಟ್ಟು, ವಿಜಯಶ್ರೀ ಸಿಕಂದರಾಬಾದಿನ ಕಂಪ್ಯೂಟರ್ ಮಾರ್ಕೆಟ್ಟಿಗೆ ಒಬ್ಬಳೇ ಹೋದಳು. ಮೊದಲ ಅಂಗಡಿಯಲ್ಲಿ ಬಣ್ಣಬಣ್ಣದ ದೀಪ ಮಿನುಗುವ ಪೆಟ್ಟಿಗೆ ತೋರಿಸಿದರು. ಬಿಲ್ಲು ತಿದ್ದುವವಳಿಗೆ ಜಾತ್ರೆಯ ದೀಪ ಯಾಕೆ? ಎರಡನೆಯದರಲ್ಲಿ ಹಿಂದಿಯಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ, ತೆಲುಗಿನಲ್ಲಿ ಕೇಳಿದರೆ ಫೋನಿನಲ್ಲಿ ಮುಖ. ಮೂರನೆಯದು ಮೆಟ್ಟಿಲಿನ ಸಂದಿಯಲ್ಲಿದ್ದ ಸಣ್ಣ ಅಂಗಡಿ. ಬಾಗಿಲಲ್ಲಿ ನಿಂತು ಗಂಡನೊಂದಿಗೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದಾಗ ಒಳಗಿನಿಂದ, "ಬರ್ರಿ ಅಕ್ಕಾರ, ಯಾವೂರು ನಿಮ್ದು?" ಎಂದು ಕೇಳಿಬಂತು. ಅಂಗಡಿಯ ಮಾಲೀಕ ಚಂದ್ರಕಾಂತ ಬೀದರದ ಕಡೆಯವನು.

ಅವಳು ತನ್ನ ಕೆಲಸ ಏನು, ಕೈಯಲ್ಲಿ ಎಷ್ಟಿದೆ ಎಂಬುದನ್ನು ಮುಚ್ಚಿಡದೆ ಹೇಳಿದಳು. ಚಂದ್ರಕಾಂತ ಒಂದೊಂದೇ ಪೊಟ್ಟಣ ತೆಗೆದು ಮುಂದಿಟ್ಟ. ಚಿತ್ರ ತೋರಿಸುವ ಶಕ್ತಿ ಒಳಗೇ ಇರುವ ಪ್ರೊಸೆಸರ್ ತಗೊಂಡರೆ ಬೇರೆ ಕಾರ್ಡ್ ಬೇಕಾಗಿಲ್ಲ ಎಂದ. ಅಲ್ಲಿ ಉಳಿದದ್ದನ್ನು ಮೆಮೊರಿಗೆ ಹಾಕಿಸಿದ. ಒಂದೇ ಸಲ ಹತ್ತಾರು ಬಿಲ್ಲು ತೆರೆದಿಟ್ಟುಕೊಳ್ಳುವವರಿಗೆ ಅದೇ ಮುಖ್ಯವಂತೆ. ಮಾನಿಟರ್ ಮಾತ್ರ ಅವಳೇ ಆರಿಸಿದಳು. ದಿನವಿಡೀ ಸಣ್ಣ ಅಂಕಿ ನೋಡುವ ಕಣ್ಣು ಅವಳದು. ಹೊಳಪಿನ ಪರದೆ ಬಿಟ್ಟು ಮಾಸಲು ಪರದೆಯದನ್ನು ಎತ್ತಿಟ್ಟಳು. ಕೀಲಿಮಣೆಯನ್ನೂ ಕುಟ್ಟಿ ನೋಡಿ, ಸದ್ದು ಕಡಿಮೆ ಇರುವುದನ್ನೇ ತೆಗೆದಳು. ಪಕ್ಕದ ಕೋಣೆಯಲ್ಲಿ ಅತ್ತೆ ಮಧ್ಯಾಹ್ನ ಕಣ್ಣು ಮುಚ್ಚುತ್ತಾರೆ.

"ಇದು ಎಸ್‌ಎಂಪಿಎಸ್. ಎಲ್ಲಾದಕ್ಕೂ ಕರೆಂಟು ಹಂಚೂದು ಇದನ," ಎಂದು ಒಂದು ರಟ್ಟಿನ ಪೊಟ್ಟಣ ಇಟ್ಟ ಚಂದ್ರಕಾಂತ. "ಎಲ್ಲಿ ಬೇಕಾದ್ರೂ ಉಳಸ್ರಿ, ಇದ್ರಾಗ ಉಳಸಬ್ಯಾಡ್ರಿ. ಸಸ್ತಾದ್ದು ಹಾಕಿದ್ರ ತಾನೂ ಸುಡ್ತೈತಿ, ಉಳದದ್ದನ್ನೂ ಸುಡ್ತೈತಿ." ಆಮೇಲೆ ಮೇಲಿನಿಂದ, ಇದನ್ನೆಲ್ಲ ಒಳಗೆ ಕೂರಿಸುವ ಕ್ಯಾಬಿನೆಟ್ಟಿನ ದೊಡ್ಡ ಪೆಟ್ಟಿಗೆ ಇಳಿಸಿದ.

ವಿಜಯಶ್ರೀ ಅದನ್ನು ಮುಟ್ಟಲಿಲ್ಲ. "ಅದೊಂದು ಇವತ್ತು ಬ್ಯಾಡ್ರಿ. ಕಬ್ಬಿಣ. ಶನಿವಾರ ನಮ್ಮನ್ಯಾಗ ನಡ್ಯಂಗಿಲ್ಲ."

ಅವನು ನಗುತ್ತಾನೆ ಎಂದು ಅವಳು ಸಿದ್ಧಳಾಗಿದ್ದಳು. ಅವನು ಪೆಟ್ಟಿಗೆಯನ್ನು ಸುಮ್ಮನೆ ಮೇಲಿಟ್ಟ. "ನಮ್ಮವ್ವನೂ ಹಂಗ ಅಂತಾಳ್ರಿ. ಅಕಿ ಮಗ ಶನಿವಾರ ದಿನಾ ಮುಂಜಾನಿಂದ ಕಬ್ಬಿಣ ಮಾರ್ತಾನ, ಅದಕ್ಕ ಮಾತ್ರ ಏನೂ ಅನ್ನಂಗಿಲ್ಲ." ಆಮೇಲೆ ಮೂಲೆಯ ಮೇಜು ತೋರಿಸಿದ. ಅಲ್ಲಿ ಒಂದು ಮದರ್‌ಬೋರ್ಡ್ ಬರಿಯ ರಟ್ಟಿನ ಮೇಲೆ ಮಲಗಿ, ತನ್ನ ಪುಟ್ಟ ಫ್ಯಾನು ತಿರುಗಿಸುತ್ತ ಆರಾಮಾಗಿ ನಡೆಯುತ್ತಿತ್ತು. "ಡಬ್ಬಿ ಬರೇ ಅಂಗಿ ಇದ್ದಂಗ್ರಿ. ಅಂಗಿ ಇಲ್ಲಂತ ಮನಶ್ಯಾ ಉಸಿರಾಡೂದು ಬಿಡ್ತಾನೇನು? ಒಣ ಕಟ್ಟಿಗಿ ಮ್ಯಾಲ ಇಟ್ಟು ನಡಸ್ರಿ. ನೀರು ತಾಗಸಬ್ಯಾಡ್ರಿ, ಕೈ ಹಚ್ಚಬ್ಯಾಡ್ರಿ. ಸೋಮವಾರ ಸಂಜಿಗೆ ನಾನ ಬಂದು ಅಂಗಿ ತೊಡಸ್ತೀನಿ."

ವಿಜಯಶ್ರೀಗೆ ಅಲ್ಲೇ ಕುಣಿಯಬೇಕೆನಿಸಿತು. ಮನೆಗೆ ಫೋನು ಮಾಡಿ, ರೊಟ್ಟಿ ಮಣೆಗಿಂತ ದೊಡ್ಡದೊಂದು ಕಟ್ಟಿಗೆಯ ಹಲಗೆ ಹುಡುಕಿಡಲು ಹೇಳಿದಳು. ಚಂದ್ರಕಾಂತ ಮದರ್‌ಬೋರ್ಡಿನ ಮೇಲೆ ಕೂರುವುದನ್ನೆಲ್ಲ ಅಲ್ಲೇ ಕೂರಿಸಿ, ಚಾಲು ಮಾಡಲು ಹಳೆಯ ಡಬ್ಬಿಯಿಂದ ಕಿತ್ತ ಒಂದು ಗುಂಡಿಯನ್ನು ವೈರಿನ ಸಮೇತ ಕೊಟ್ಟು, ಯಾವ ವೈರು ಎಲ್ಲಿಗೆ ಎಂದು ತೋರಿಸಿಕೊಟ್ಟ. ಲೆಕ್ಕ ಹಿಡಿದರೆ ಅದರಲ್ಲೂ ಒಂದೆರಡು ಕಬ್ಬಿಣದ ತಿರುಪು ಇದ್ದಾವು. ಆದರೆ ಶನಿದೇವರು ಅಂಥ ಚಿಲ್ಲರೆ ಲೆಕ್ಕಕ್ಕೆ ಕೂರುವವನಲ್ಲ ಎಂದು ಅವಳು ತಾನೇ ತೀರ್ಮಾನ ಮಾಡಿಕೊಂಡಳು.

ಆಟೋ ಮೆಟ್ಟುಗೂಡಾ ದಾಟುತ್ತಿತ್ತು. ಮಡಿಲಲ್ಲಿದ್ದ ಎಸ್‌ಎಂಪಿಎಸ್ ತೊಡೆಗೆ ಒತ್ತುತ್ತಿತ್ತು. ಇಷ್ಟು ಸಣ್ಣದು ಇಷ್ಟು ಭಾರವೇ ಎಂದು ಪೊಟ್ಟಣ ಬಿಚ್ಚಿದಳು. ಒಳಗೆ ತಣ್ಣಗಿನ ಕರಿ ಡಬ್ಬಿ. ಆಟೋ ಹೊಂಡದಲ್ಲಿ ಎತ್ತಿ ಹಾಕಿದಾಗ ಅವಳ ಪರ್ಸಿನ ಮುಚ್ಚಳದ ಅಯಸ್ಕಾಂತದ ಗುಂಡಿ ಅದಕ್ಕೆ ಟಪ್ಪೆಂದು ಅಂಟಿಕೊಂಡಿತು.

ಅಯಸ್ಕಾಂತ ಅಂಟಿತೆಂದರೆ ಅದು ಕಬ್ಬಿಣವೇ. ಚಂದ್ರಕಾಂತನಿಗೆ ಫೋನು ಹಚ್ಚಿದಳು.

"ಅಯ್ಯ, ಕ್ಯಾಬಿನೆಟ್ಟಿನ ಧ್ಯಾನದಾಗ ಇದು ಮರ್ತೇ ಹೋತ್ರಿ ನನಗ," ಎಂದ ಅವನು. "ಇದರ ಡಬ್ಬಿ ಕಬ್ಬಿಣದ್ದ ಇರ್ತೈತಿ. ಇದು ಇಲ್ದ ಮಾತ್ರ ಯಾವ ಕಂಪ್ಯೂಟರೂ ನಡ್ಯಂಗಿಲ್ಲ." ಆಮೇಲೆ, "ಅಲ್ಯುಮಿನಿ ಅಂತ ಹೇಳ್ಬಿಡ್ರಿ ಅಕ್ಕಾರ. ಹಿರ್ಯಾರಿಗೆ ಏನು ಗೊತ್ತಾಗ್ತೈತಿ?"

ಪಾಪ, ಅವನಿಗೆ ಶಿವದೇವಿಯವರ ಬೆರಳು ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಾಗದೇ ಇದ್ದರೂ ಸುಳ್ಳು ಹೇಳುವುದು ವಿಜಯಶ್ರೀಗೆ ಸಾಧ್ಯವಿರಲಿಲ್ಲ. ನಾಳೆ ಮಹೇಶನಿಗೆ ಒಂದು ಸೀನು ಬಂದರೂ ಅತ್ತೆ ಕಾರಣ ಹುಡುಕುತ್ತ ರಾತ್ರಿ ಕಳೆಯುತ್ತಾರೆ. ಹಾಗೆ ನರಳುವವರಿಗೆ ಸುಳ್ಳು ಹೇಳಿ ತಾನು ಪಕ್ಕದಲ್ಲಿ ನಿದ್ದೆ ಮಾಡುವುದು ಹೇಗೆ? ಸತ್ಯ ಹೇಳುತ್ತೇನೆ, ಬೇಡ ಎಂದರೆ ಸೋಮವಾರ ಕಚೇರಿಯವರ ಕಾಲು ಹಿಡಿಯುತ್ತೇನೆ ಎಂದುಕೊಂಡಳು. ಅವರು ಬಿಡಲಿಕ್ಕಿಲ್ಲ ಎಂದೂ ಗೊತ್ತಿತ್ತು. ಕಣ್ಣು ತುಂಬಿ ಬಂತು.

ಮನೆಗೆ ಬಂದಾಗ ಶಿವದೇವಿ ನಡುಮನೆಯಲ್ಲಿ ವಾಕರ್ ಹಿಡಿದು ನಿಂತಿದ್ದರು. ಕಿಟಕಿಯ ಕೆಳಗಿನ ಮೇಜಿನ ಮೇಲೆ ಒರೆಸಿ ಫಳಫಳ ಮಾಡಿದ ಅಗಲವಾದ ಸಾಗವಾನಿ ಮಣೆ. ಮಹೇಶ ಮೈತುಂಬ ಧೂಳಾಗಿ ಅಟ್ಟದಿಂದ ಇಳಿಯುತ್ತಿದ್ದ.

"ನಮ್ಮ ಲಗ್ನದ ಮಣಿ," ಎಂದರು ಶಿವದೇವಿ. "ನಾನು, ನಿಮ್ಮ ಮಾವ ಇದರ ಮ್ಯಾಲನ ಕುಂತಿದ್ವಿ. ಬಟ್ಟಿ ಸುತ್ತಿ ಇಟ್ಟಿದ್ದೆ. ಇದಕ್ಕಿಂತ ಛಲೋ ಕಟ್ಟಿಗಿ ನಿನಗ ಎಲ್ಲಿ ಸಿಗ್ತೈತಿ?"

ವಿಜಯಶ್ರೀ ಮಣೆಯನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿದಳು. ಮಣೆಯ ಮೇಲೆ ಮದರ್‌ಬೋರ್ಡ್ ಮಲಗಿಸಿದಳು, ಪಕ್ಕದಲ್ಲಿ ಮಾನಿಟರ್ ನಿಲ್ಲಿಸಿದಳು. ಚೀಲದಲ್ಲಿ ಒಂದೇ ಉಳಿಯಿತು. ಅದನ್ನು ತೆಗೆದು ಕೈಯಲ್ಲಿ ಹಿಡಿದು ನಿಂತಳು.

"ಅತ್ತಿ, ಒಂದ್ ಮಾತು ಹೇಳ್ಬೇಕ್ರಿ. ನನಗ ಆಟೋದಾಗ ಗೊತ್ತಾತು. ಇದು..."

"ಕೊಡಿಲ್ಲಿ."

ಶಿವದೇವಿ ಕುರ್ಚಿಯ ಮೇಲೆ ಕೂತು ಎರಡೂ ಕೈಯಲ್ಲಿ ಅದನ್ನು ತಗೊಂಡರು. ಭಾರಕ್ಕೆ ಕೈ ಮಡಿಲಿಗೆ ಇಳಿಯಿತು. ಗೆಣ್ಣಿನಿಂದ ಒಮ್ಮೆ ಬಡಿದರು. ಕಿವಿಗೊಟ್ಟರು. ಮತ್ತೊಮ್ಮೆ ಬಡಿದರು. ತಲೆಯ ಧೂಳು ಕೊಡವಿಕೊಳ್ಳುತ್ತಿದ್ದ ಮಗನ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಸೊಸೆಯ ಕೆಂಪಾದ ಕಣ್ಣು ನೋಡಿದರು.

"ಅಲ್ಯುಮಿನಿ ಐತಿ," ಎಂದರು.

"ಅಲ್ರಿ ಅತ್ತಿ, ಇದು..."

"ನಿನಗೇನು ಗೊತ್ತು? ಕಂಪ್ಯೂಟರ್ ಕಲ್ತಾಕಿ ನೀನು, ಭಾಂಡೆ ಬಡದಾಕಿ ನಾನು. ಅಲ್ಯುಮಿನಿ. ಇಡು ಅಲ್ಲೆ."

"ಏ ಯವ್ವಾ, ಅದು ಪಕ್ಕಾ..." ಎಂದು ಬಾಯಿ ತೆರೆದ ಮಹೇಶ. ವಿಜಯಶ್ರೀ ಅವನನ್ನು ಒಂದು ನೋಟ ನೋಡಿದಳು. ಅವನು ಉಳಿದ ಮಾತನ್ನು ನುಂಗಿ ಕೈ ತೊಳೆಯಲು ಹೋದ.

ಅವಳು ವೈರು ಸಿಕ್ಕಿಸಿ ಗುಂಡಿ ಒತ್ತಿದಳು. ಲಗ್ನದ ಮಣೆಯ ಮೇಲೆ ಪುಟ್ಟ ಫ್ಯಾನು ತಿರುಗತೊಡಗಿತು, ಪರದೆಯಲ್ಲಿ ಬೆಳಕು ಬಂತು. ಅತ್ತೆಗೆ ತೋರಿಸಬೇಕೆಂದು ತಿರುಗಿದರೆ ಕುರ್ಚಿ ಖಾಲಿಯಿತ್ತು. ದೇವರ ಜಗಲಿಯ ಕಡೆಯಿಂದ ವಾಕರಿನ ಸದ್ದು. ಬೀಳದಂತೆ ಹಿಡಿಯಬೇಕೆಂದು ಅವಳು ಹಿಂದೆ ಹೋಗಿ ಬಾಗಿಲಲ್ಲೇ ನಿಂತಳು.

ಶಿವದೇವಿ ಒಂದು ಕೈಯಲ್ಲಿ ವಾಕರ್ ಹಿಡಿದು, ಇನ್ನೊಂದರಿಂದ ಹನುಮಪ್ಪನ ಪಣತಿಗೆ ಎಳ್ಳೆಣ್ಣೆ ಹಾಕುತ್ತಿದ್ದರು. ಶನಿವಾರದ ದೀಪ ವಾರವಾರವೂ ಹಚ್ಚುವುದೇ. ಇವತ್ತು ಎಣ್ಣೆ ತುಂಬಿ ಚೆಲ್ಲುವ ತನಕ ಹಾಕಿದರು. ಆಮೇಲೆ ಓಣಿಯ ಹಿರಿಯನೊಬ್ಬನ ಹತ್ತಿರ ಮಾತಾಡುವ ಹಾಗೆ, ದನಿ ತಗ್ಗಿಸಿ ಹೇಳಿದರು:

"ಆ ಮಷಿನ್ನಿನ ಮ್ಯಾಲ ನಾ ಒಂದು ಹೊಲಿಗಿ ಟಾಕಾ ಸೈತ ಹಾಕಲಿಲ್ಲ, ನಿನಗ ಗೊತ್ತೈತಿ. ಈ ಹುಡುಗಿ ಮಾಡ್ಲಿ. ಏನರ ಲೆಕ್ಕ ಉಳದ್ರ ನನ್ನ ಹೆಸರಿಗೆ ಹಚ್ಚು, ಸೊಂಟ ಹೆಂಗೂ ಮುರದೈತಿ. ಅವರಿಬ್ಬರ ತಂಟಿಗೆ ಬರಬ್ಯಾಡ." ಬತ್ತಿಯನ್ನು ಮುಂದಕ್ಕೆ ತಳ್ಳಿದರು. "ಮತ್ತ ಶನಿದೇವ ಬಂದು ಕೇಳಿದ್ರ, ಹನಮಪ್ಪ, ನೀನೂ ಅಲ್ಯುಮಿನಿ ಅಂತನ ಹೇಳು."