ಎಡತೋಳಿನ ಅಳತೆ

ಊರಿಗೆಲ್ಲ ಸ್ವೆಟರ್ ಹೆಣೆಯುವ ನಮ್ಮ ಶೆಡ್ಡಿನಲ್ಲಿ ಸ್ವೆಟರ್ ಹಾಕಿಕೊಂಡವರು ಮೇಸ್ತ್ರಿ ಒಬ್ಬರೇ. ನಾವು ಹೆಂಗಸರು ತಗಡಿನ ಸೂರಿನಿಂದ ಇಳಿಯುವ ಥಂಡಿಗೆ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಕೂತು ಕಡ್ಡಿ ಆಡಿಸುತ್ತಿದ್ದೆವು. ಹೆಣೆಯುತ್ತಿರುವ ಉಣ್ಣೆ ಮಡಿಲಲ್ಲಿ ಬಿದ್ದಿರುತ್ತದಲ್ಲ, ಅದೇ ನಮಗೆ ಕಂಬಳಿ. ಬೆನ್ನಿನ ಭಾಗ ಹೆಣೆಯುವವಳಿಗೆ ಮಡಿಲು ಬೆಚ್ಚಗೆ. ಕಾಲರ್ ಹೆಣೆಯುವವಳಿಗೆ ಏನೂ ಇಲ್ಲ. ಹಾಗಾಗಿ ಚಳಿಗಾಲ ಬಂತೆಂದರೆ ಬೆನ್ನಿನ ಕೆಲಸಕ್ಕೆ ಜಗಳ. ಮೇಸ್ತ್ರಿ ಅದನ್ನು ಕೆಲಸದ ಮೇಲಿನ ಆಸಕ್ತಿ ಅಂದುಕೊಂಡಿದ್ದರು.

ಗೋಡೆಯ ಮೇಲೊಂದು ಬೋರ್ಡಿತ್ತು. 'ಪುಸ್ತಕದಲ್ಲಿ ಇರುವಂತೆ ಹೆಣೆಯಿರಿ. ಸ್ವಂತ ಬುದ್ಧಿ ಉಪಯೋಗಿಸಬೇಡಿ.' ಯಾವಳಾದರೂ ಉಪಯೋಗಿಸಿದಳು ಅಂದರೆ ಮೇಸ್ತ್ರಿ ಅವಳ ಎದುರಿಗೇ ಎಳೆ ಹಿಡಿದು ಜಗ್ಗುತ್ತಿದ್ದರು. ಇಡೀ ದಿನದ ಹೆಣಿಗೆ ಒಂದು ಸೀನು ಸೀನುವಷ್ಟರಲ್ಲಿ ಬಿಚ್ಚಿಕೊಳ್ಳುತ್ತಿತ್ತು.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಕಡ್ಡಿಯಕ್ಕ. ಮೈಯೂ ಕಡ್ಡಿ, ಮಾತೂ ಕಡ್ಡಿ ತುಂಡು ಮಾಡಿದ ಹಾಗೆ. ಅವಳ ಗಂಡ, ನಮಗೆಲ್ಲ ಭಾವ, ಇದೇ ಕಾರ್ಖಾನೆಯಲ್ಲಿ ಉಣ್ಣೆ ಹಿಂಜುವ ಯಂತ್ರದ ಮುಂದೆ ನಿಲ್ಲುತ್ತಿದ್ದರು. ಒಂದು ದಿನ ಯಂತ್ರದ ಬೆಲ್ಟು ಅವರ ಎಡಗೈಯನ್ನು ಎಳೆದುಕೊಂಡಿತು. ಕೈ ಉಳಿಯಿತು. ಮೊಣಕೈ ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಆಫೀಸಿನವರು 'ಅವನದೇ ಅಜಾಗರೂಕತೆ' ಅಂದರು. ಯಂತ್ರಕ್ಕೆ ಎಣ್ಣೆ ಬಿಟ್ಟರು, ಭಾವನನ್ನು ಮನೆಗೆ ಬಿಟ್ಟರು. ಆ ಜಾಗಕ್ಕೆ ನನ್ನ ಗಂಡ ಸೇರಿದ. ಈಗ ಹಾರುವ ಉಣ್ಣೆಯ ಧೂಳು ಕುಡಿದು ಕುಡಿದು ಅವನಿಗೆ ಬಿಡದ ಕೆಮ್ಮು. ಯಂತ್ರ ಮಾತ್ರ ಚೆನ್ನಾಗಿದೆ.

ಭಾವ ಮನೆಯಲ್ಲಿ ಅಡುಗೆ ಮಾಡಿ ಮಧ್ಯಾಹ್ನ ಗೇಟಿಗೆ ಕ್ಯಾರಿಯರ್ ತರುತ್ತಿದ್ದರು. "ಡೊಂಕು ಕೈಗೆ ಕ್ಯಾರಿಯರ್ ನೇತು ಹಾಕಿದ್ರೆ ಜಾರೋದೇ ಇಲ್ಲ ಕಣಮ್ಮ. ನೆಟ್ಟಗಿರೋರಿಗೆ ಈ ಸೌಕರ್ಯ ಎಲ್ಲಿದೆ?" ಎಂದು ನಗಿಸುತ್ತಿದ್ದರು.

ಅಂಗಡಿಯ ಸ್ವೆಟರ್ ಹಾಕಿದರೆ ಎಡತೋಳು ಅವರ ಅಂಗೈಯನ್ನೂ ನುಂಗಿಬಿಡುತ್ತಿತ್ತು. ಅದಕ್ಕೆ ಕಡ್ಡಿಯಕ್ಕ ಹಳೇ ಬಟ್ಟೆ ಮಾರುವವರ ಗುಡ್ಡೆಯಿಂದ ಹರಿದ ಸ್ವೆಟರ್‌ಗಳನ್ನು ಆರಿಸಿ ತಂದು, ಬಿಚ್ಚಿ, ತೊಳೆದು, ಸುಕ್ಕು ಹೋಗಲಿ ಎಂದು ಎಳೆಗಳಿಗೆ ಕಲ್ಲು ಕಟ್ಟಿ ನೇತು ಹಾಕಿ, ಹೊಸದೊಂದನ್ನು ಹೆಣೆದಳು. ಬಲ ಭುಜದಿಂದ ಜಡೆ ಹಾಕಿದ ಹಾಗೆ ಹೆಣೆದ ಒಂದು ಪಟ್ಟಿ ಹೊರಟು, ಎದೆಯ ಮೇಲೆ ಓರೆಯಾಗಿ ಹಾದು, ಎಡತೋಳಿನಲ್ಲಿ ಇಳಿದು ಮಣಿಕಟ್ಟಿನ ತನಕ ಹೋಗುತ್ತಿತ್ತು. ಎಡತೋಳು ನಾಲ್ಕು ಬೆರಳು ಗಿಡ್ಡ. ನೋಡಿದವರ ಕಣ್ಣು ಜಡೆಯ ಹಿಂದೆ ಹೋಗುತ್ತಿತ್ತೇ ಹೊರತು ಕೈಯ ಕಡೆಗೆ ಹೋಗುತ್ತಿರಲಿಲ್ಲ. ಅಂಥ ಸ್ವೆಟರ್ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದು ಕುತ್ತಿಗೆಯಿಂದ ಅಂಚಿನವರೆಗೂ ಸ್ವಂತ ಬುದ್ಧಿಯೇ.

ಮೇಡಂ ನಮ್ಮ ಸಾಹುಕಾರರ ಸೊಸೆ. ಕಾರ್ಖಾನೆಯ ಮೇಲಿನ ರೂಮಿನಲ್ಲಿ ಕೂತು ಹೊಸ ಡಿಸೈನ್ ಮಾಡುತ್ತಾರೆ ಅಂತ ಪ್ರತೀತಿ. ಅವರು ಕಡ್ಡಿ ಹಿಡಿದದ್ದನ್ನು ನಾವು ನೋಡಿದ್ದು ಫೋಟೋದಲ್ಲಿ ಮಾತ್ರ. ಕಾರಿನಿಂದ ಇಳಿಯುವಾಗ ಗೇಟಿನಲ್ಲಿ ನಿಂತ ಭಾವನನ್ನು ಅವರು ಎಷ್ಟು ಸಲ ದಾಟಿ ಹೋಗಿದ್ದರೋ, ಒಂದು ದಿನವೂ ಅಲ್ಲೊಬ್ಬ ಮನುಷ್ಯ ಕಂಡಿರಲಿಲ್ಲ. ಆ ದಿನ ಸ್ವೆಟರ್ ಕಂಡಿತು.

"ಇದನ್ನ ಎಲ್ಲಿ ತಗೊಂಡೆ?"

"ತಗೊಂಡಿದ್ದಲ್ಲ ಮೇಡಂ, ನಮ್ಮನೆಯವಳು ಹೆಣೆದಿದ್ದು."

ಕಡ್ಡಿಯಕ್ಕನಿಗೆ ಕರೆ ಹೋಯಿತು. ಶೆಡ್ಡಿಗೆ ಶೆಡ್ಡೇ ಕಿಟಕಿಗೆ ಬಂದು ನಿಂತಿತು.

"ತುಂಬಾ ಚೆನ್ನಾಗಿದೆ ಕಣೇ. ಇದನ್ನ ಹೆಣಿಗೆ ಪತ್ರಿಕೆಗೆ ಕಳಿಸೋಣ. ನಿನ್ನ ಹೆಸರಲ್ಲೇ ಬರುತ್ತೆ. ಹೆಸರು ಬಂತು ಅಂದ್ರೆ ಮೇಲಿನ ರೂಮಿಗೇ ಬಂದ್ಬಿಡು, ಡಿಸೈನ್ ಕೆಲಸಕ್ಕೆ."

"ಹೆಸರು ಬರುತ್ತಾ ಮೇಡಂ?"

"ಬರದೆ ಇನ್ನೇನು? ಸ್ವೆಟರ್ ಎರಡು ದಿನ ಇರಲಿ, ವಾಪಸ್ ಕೊಡ್ತೀನಿ."

ಭಾವ ಗೇಟಿನಲ್ಲೇ ಸ್ವೆಟರ್ ಬಿಚ್ಚಿ ಕೊಟ್ಟು ಅಂಗಿಯಲ್ಲೇ ಮನೆಗೆ ಹೋದರು.

ಹೆಸರು ಅಂದರೆ ಬರೀ ಹೆಸರಲ್ಲ. ಮೇಲಿನ ರೂಮಿನಲ್ಲಿ ದೊಡ್ಡ ಕಿಟಕಿ ಇದೆ, ಹೀಟರ್ ಇದೆ. ಕಡ್ಡಿಯಕ್ಕನ ಕಣ್ಣು ಮಂಜಾಗುತ್ತಿತ್ತು. ಶೆಡ್ಡಿನ ಮಿಣುಕುವ ಟ್ಯೂಬ್‌ಲೈಟಿನಲ್ಲಿ ಅವಳಿಗೆ ಕಪ್ಪು ಯಾವುದು, ಕಂದು ಯಾವುದು ಗೊತ್ತಾಗುತ್ತಿರಲಿಲ್ಲ. ನಾನು ಕಾಲಿನಿಂದ ಮೆಲ್ಲಗೆ ಒದ್ದು ಹೇಳುತ್ತಿದ್ದೆ. ಮೇಸ್ತ್ರಿಗೆ ತಿಳಿಯುವ ಮೊದಲು ಆ ಬೆಳಕಿಗೆ ಹತ್ತಿಬಿಟ್ಟರೆ ಅವಳು ಬಚಾವು. ಇಲ್ಲದಿದ್ದರೆ ಭಾವ ಹೋದ ಗೇಟಿನಲ್ಲೇ ಅವಳೂ ಹೋಗಬೇಕು.

ಗುಮಾಸ್ತರು ಆ ಸ್ವೆಟರ್, ಟೇಪು, ಪೆನ್ನು, ಒಂದು ದಪ್ಪ ಪುಸ್ತಕ ಹಿಡಿದು ಶೆಡ್ಡಿಗೆ ಬಂದರು. ಕಡ್ಡಿಯಕ್ಕ ಕುಣಿಕೆ ಎಷ್ಟು, ಸಾಲು ಎಷ್ಟು, ಜಡೆ ಎಲ್ಲಿ ತಿರುಗಬೇಕು ಅಂತ ಹೇಳುತ್ತಾ ಹೋದಳು.

"ಎಡತೋಳು ಬಂದು ನಮ್ಮನೆಯವರ ಕೈಗೆ ಅಂತ..."

"ಕಥೆ ಬೇಡಮ್ಮ. ಅಳತೆ ಹೇಳು."

"ಅಲ್ಲ ಗುಮಾಸ್ತರೇ, ಬೇರೆಯವರಿಗಾದ್ರೆ ಇದನ್ನ..."

"ಬೇರೆಯವರ ವಿಷಯ ನಿನಗ್ಯಾಕೆ? ಮೇಡಂ ಏನಂದಿದ್ದಾರೆ? ಸ್ವೆಟರ್ ಹೇಗಿದೆಯೋ ಹಾಗೇ ಬರ್ಕೊಂಡು ಬಾ ಅಂದಿದ್ದಾರೆ. ಹೇಳು, ಅಳತೆ."

ಹೇಳಿದಳು. ಬರೆದುಕೊಂಡರು. ಟೇಪು ಹಿಡಿದು ಸರಿಯಾಗಿದೆ ಅಂತ ನೋಡಿಯೂ ನೋಡಿದರು. ಗುಮಾಸ್ತರ ಕೆಲಸ ಅಚ್ಚುಕಟ್ಟು.

ಎರಡು ದಿನ ಎರಡು ತಿಂಗಳಾಯಿತು. ಭಾವ ಹೆಗಲಿಗೆ ಟವೆಲ್ ಹೊದ್ದುಕೊಂಡು ಕ್ಯಾರಿಯರ್ ತರುತ್ತಿದ್ದರು. "ಸ್ವೆಟರ್ ಫೋಟೋ ತೆಗೆಸ್ಕೊಳ್ಳೋಕೆ ಹೋಗಿದೆ ಕಣಮ್ಮ. ನಾನು ಇನ್ನೂ ಒಂದು ಫೋಟೋ ತೆಗೆಸಿಲ್ಲ" ಅನ್ನುತ್ತಿದ್ದರು. ಗೇಟಿನಾಚೆ ಹಲ್ಲು ಕಟಕಟ ಅನ್ನುವುದು ನಮಗೆ ಕೇಳುತ್ತಿತ್ತು.

ಪತ್ರಿಕೆ ಬಂತು. ಮುಖಪುಟದಲ್ಲೇ ಅವಳ ಸ್ವೆಟರ್! ಯಾವನೋ ಚಂದದ ಹುಡುಗ ಹಾಕಿಕೊಂಡು, ಎಡಗೈಯನ್ನು ಮಡಿಸಿ ಸೊಂಟದ ಮೇಲಿಟ್ಟು ನಿಂತಿದ್ದ. ಹಾಗೆ ನಿಂತರೆ ಗಿಡ್ಡ ತೋಳು ಗೊತ್ತೇ ಆಗುವುದಿಲ್ಲ. ನಾವೆಲ್ಲ ಹೋ ಅಂತ ಕೂಗಿದೆವು. ಕಡ್ಡಿಯಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಪತ್ರಿಕೆ ತೆಗೆದುಕೊಂಡಳು. ಒಳಗೆ ಪೂರಾ ಎರಡು ಪುಟ ಅವಳ ಲೆಕ್ಕ, ಅವಳ ಸಾಲು, ಅವಳ ಜಡೆ. ಮೇಲೆ ದಪ್ಪ ಅಕ್ಷರದಲ್ಲಿ 'ವಿನ್ಯಾಸ' ಅಂತ ಇತ್ತು. ಅದರ ಮುಂದೆ ಮೇಡಂ ಹೆಸರು.

ಅವಳು ಮತ್ತೆ ಮೊದಲಿನಿಂದ ನೋಡಿದಳು. ಕೊನೆಯ ಪುಟದ ಸೋಪಿನ ಜಾಹೀರಾತನ್ನೂ ಬಿಡದೆ ಓದಿದಳು. ಆಮೇಲೆ ಪತ್ರಿಕೆ ಮಡಿಸಿ ನನ್ನ ಕೈಗೆ ಕೊಟ್ಟು, "ಕನ್ನಡಕ ಇದ್ದಿದ್ರೆ ಕಾಣ್ತಿತ್ತೇನೋ" ಅಂದಳು. ನನಗೆ ಅಳು ಬಂತು. ಸಿಟ್ಟೂ ಬಂತು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಕೈ ನಮ್ಮದು, ಬಾಯಿ ಯಾರದೋ.

ಮೇಡಂ ಹತ್ತಿರ ಕೇಳಿಯೂ ಕೇಳಿದಳು.

"ಅಯ್ಯೋ, ನಿನ್ನ ಹೆಸರು ಕೆಳಗೆ ಸಣ್ಣದಾಗಿ ಹಾಕ್ಬೇಕಿತ್ತು ಕಣೇ. ಜಾಗ ಸಾಲಲಿಲ್ವಂತೆ. ನಾವೆಲ್ಲ ಒಂದೇ ಮನೆಯವರಲ್ವಾ? ಯಾರ ಹೆಸರಾದ್ರೇನು?"

"ಮೇಲಿನ ರೂಮು?"

"ನೋಡೋಣ."

"ಸ್ವೆಟರ್?"

"ಅದು ಶೋಕೇಸಿನಲ್ಲಿದೆ, ಈಗ ತೆಗೆಯೋಕಾಗಲ್ಲ."

ಮೇಡಂ ಡಿಸೈನಿಗೆ ಬೇಡಿಕೆಯೋ ಬೇಡಿಕೆ. ಪುಸ್ತಕದ ಪುಟವನ್ನು ನಮಗೂ ಹಂಚಿದರು. ನಾವು ಹೆಣೆಯಲು ಕೂತೆವು. ಎಲ್ಲರಿಗೂ ಎಡತೋಳು ಗಿಡ್ಡ ಬಂತು. ಬರದೆ ಏನು ಮಾಡುತ್ತದೆ? ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಎದ್ದು ನಿಂತು, "ಮೇಸ್ತ್ರಿ, ಎಡತೋಳು ಸಾಲಲ್ಲ" ಅಂದಳು.

"ಪುಸ್ತಕದಲ್ಲಿ ಹಾಗೆ ಇದೆಯಾ?"

"ಇದೆ."

"ಹಾಗಾದ್ರೆ ಮೇಡಂಗಿಂತ ನಿನಗೆ ಜಾಸ್ತಿ ಗೊತ್ತಾ? ಬೋರ್ಡ್ ಓದು."

ಹುಡುಗಿ ಬೋರ್ಡ್ ಓದಿ ಕೂತಳು. ಕಡ್ಡಿಯಕ್ಕ ತಲೆ ಎತ್ತಲಿಲ್ಲ. ಅವಳು ಹೇಳಬೇಕಾದವರಿಗೆ ಒಂದು ಸಲ ಹೇಳಿ ಆಗಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾಗದಲ್ಲಿ ಎರಡನೇ ಸಲ ಹೇಳುವವರು ಯಾರು? ನಾವು ಹೆಣೆದೆವು. ಮೂಟೆಗಟ್ಟಲೆ ಹೆಣೆದೆವು. ಲಾರಿ ಬಂದು ತುಂಬಿಕೊಂಡು ಹೋಯಿತು.

ಮೊದಲು ಇದೇ ಹೊಸ ಫ್ಯಾಷನ್ ಅಂತ ಕೆಲವರು ಹಾಕಿಕೊಂಡರಂತೆ. ಚಳಿ ಜೋರಾದ ಮೇಲೆ ಮಣಿಕಟ್ಟು ಮರಗಟ್ಟತೊಡಗಿತು, ಫ್ಯಾಷನ್ ಮುಗಿಯಿತು. ಅದೇ ಲಾರಿಯಲ್ಲಿ ಅವೇ ಮೂಟೆಗಳು ವಾಪಸ್ ಬಂದವು. ಪತ್ರಿಕೆ ನೋಡಿ ಮನೆಯಲ್ಲೇ ಹೆಣೆದವರೂ ಬೈದು ಕಾಗದ ಬರೆದರಂತೆ.

ಮರುತಿಂಗಳ ಪತ್ರಿಕೆಯನ್ನು ಈ ಸಲ ಗುಮಾಸ್ತರೇ ಶೆಡ್ಡಿಗೆ ತಂದರು. ಮೂಲೆಯಲ್ಲಿ ಒಂದು ಚೌಕ ಹಾಕಿ ತಿದ್ದುಪಡಿ ಅಚ್ಚು ಮಾಡಿದ್ದರು. ಹಿಂದಿನ ಸಂಚಿಕೆಯೊಂದರ ಸ್ವೆಟರಿನಲ್ಲಿ ಎಡತೋಳಿನ ಅಳತೆ ತಪ್ಪಾಗಿದೆ, ಈ ತಪ್ಪು ಮೂಲ ನಮೂನೆ ಹೆಣೆದ ಕೆಲಸದಾಕೆಯದು ಅಂತ ಬರೆದು, ಮುಂದೆ ಕಡ್ಡಿಯಕ್ಕನ ಪೂರ್ತಿ ಹೆಸರು. ಗಂಡನ ಹೆಸರು ಸಮೇತ, ಒಂದಕ್ಷರವೂ ತಪ್ಪದೆ. ಈ ಸಲ ಜಾಗ ಸಾಲಿತ್ತು.

ಅವಳು ಆ ಚೌಕವನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು. ಅದರ ಮೇಲೆ ಬೆರಳಾಡಿಸಿದಳು.

"ಬಂತು ನೋಡೇ ಹೆಸರು" ಅಂದಳು ನನಗೆ.

ಅಷ್ಟರಲ್ಲಿ ಮೇಡಂ ಬಂದರು. ಹಿಂದೆ ಮೇಸ್ತ್ರಿ. ಮೇಡಂ ವಾಪಸ್ ಬಂದ ಮೂಟೆಗಳನ್ನು ಶೆಡ್ಡಿನ ನಡುವೆ ಸುರಿಸಿದರು.

"ಎಲ್ಲಾ ಎಡತೋಳು ಬಿಚ್ಚಿ ಮತ್ತೆ ಹೆಣೀಬೇಕು. ಇದಕ್ಕೆ ಕೂಲಿ ಇಲ್ಲ. ತಪ್ಪು ನಿಮ್ಮವಳದು, ನೀವೇ ಸರಿ ಮಾಡಿ. ನೀನು ಎದ್ದು ನಿಂತ್ಕೊಳ್ಳೇ. ತಪ್ಪಾಯ್ತು ಅಂತ ಎಲ್ಲರ ಎದುರಿಗೆ ಹೇಳು. ಇಲ್ಲ ಅಂದ್ರೆ ಗೇಟ್ ಎಲ್ಲಿದೆ ಗೊತ್ತಲ್ಲ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ನಾಲಿಗೆ ತುದಿಗೆ ಬಂದಿತ್ತು. ಕಡ್ಡಿಯಕ್ಕ ನನ್ನ ಭುಜ ಹಿಡಿದು ಎದ್ದಳು. ಗೇಟಿನ ಕಡೆಗೇ ಹೊರಟಳು. ಹೋದಳು ಅಂದುಕೊಂಡೆ. ಮೇಡಂ ಮುಖದಲ್ಲಿ ಸಮಾಧಾನ ಕಂಡಿತು. ಆದರೆ ಅವಳು ಕ್ಯಾರಿಯರ್ ಹಿಡಿದು ನಿಂತಿದ್ದ ಭಾವನ ಕೈಹಿಡಿದು ಒಳಗೆ ಕರೆದುಕೊಂಡು ಬಂದಳು. ಗುಡ್ಡೆಯಿಂದ ಕೈಗೆ ಸಿಕ್ಕ ಸ್ವೆಟರೊಂದನ್ನು ಎಳೆದು ಅವರಿಗೆ ತೊಡಿಸಿದಳು.

ಡೊಂಕು ಕೈ ಮೆಲ್ಲಗೆ ತೋಳಿನೊಳಗೆ ಇಳಿಯಿತು. ಅಂಚು ಸರಿಯಾಗಿ ಮಣಿಕಟ್ಟಿನ ಮೇಲೆ ಬಂದು ನಿಂತಿತು. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಮ್ಮಿಯಿಲ್ಲ.

"ಅಳತೆ ಸರಿಯಾಗಿದೆ ಮೇಡಂ. ತಪ್ಪು ಎಲ್ಲಿದೆ ತೋರಿಸಿ."

"ಇವನೊಬ್ಬನ ಕೈಗೆ ಸರಿಯಾದ್ರೆ ಆಯ್ತಾ?"

"ಇವರೊಬ್ಬರಿಗೇ ಹೆಣೆದಿದ್ದು. ಚಳೀಲಿ ಮೈಮೇಲಿಂದ ಬಿಚ್ಚಿಸ್ಕೊಂಡು ಹೋಗಿದ್ದು ನೀವು. ಕೈ ಹೀಗಾಗಿದ್ದು ನಿಮ್ಮ ಯಂತ್ರದಲ್ಲಿ. ಅದು ತಪ್ಪು ಅಂತ ನೀವು ಯಾವ ಪತ್ರಿಕೇಲೂ ಹಾಕಿಸಲಿಲ್ಲ. ನನ್ನ ಹೆಣಿಗೆ ಮಾತ್ರ ತಪ್ಪಾ?"

ಭಾವ ಸ್ವೆಟರಿನ ಜಡೆ ಸವರಿಕೊಳ್ಳುತ್ತಾ ತಲೆ ತಗ್ಗಿಸಿ ನಿಂತಿದ್ದರು. ಅವರ ಬಾಯಲ್ಲಿ ತಮಾಷೆ ಇರಲಿಲ್ಲ.

"ಈಗೇನು ಬೇಕು ನಿನಗೆ?" ಮೇಡಂ ದನಿ ಇಳಿದಿತ್ತು.

"ಹೆಸರು ಹೇಗಿದೆಯೋ ಹಾಗೇ ಇರಲಿ. ತಪ್ಪು ಅನ್ನೋ ಮಾತು ತೆಗೀರಿ. ಅಲ್ಲಿ ವಿನ್ಯಾಸ ಅಂತ ಹಾಕಿಸಿ."

"ಆಗಲ್ಲ. ಮೇಸ್ತ್ರಿ, ಕೆಲಸ ಶುರು ಮಾಡಿಸಿ."

"ಏಯ್, ಏನು ನೋಡ್ತಾ ಕೂತಿದ್ದೀರಿ? ಬಿಚ್ಚಿ, ಬಿಚ್ಚಿ!" ಮೇಸ್ತ್ರಿ ಒಂದೊಂದು ಮಡಿಲಿಗೂ ಒಂದೊಂದು ಸ್ವೆಟರ್ ಎಸೆದರು. ಯಾರೂ ಎಳೆ ಹಿಡಿಯಲಿಲ್ಲ. ಚಳಿಯಿತ್ತಲ್ಲ, ನಾವು ಅವನ್ನು ತೊಟ್ಟುಕೊಂಡೆವು. ಯಾವಳು ಮೊದಲು ತೊಟ್ಟಳೋ ಗೊತ್ತಿಲ್ಲ. ನೋಡುವಷ್ಟರಲ್ಲಿ ಇಡೀ ಶೆಡ್ಡಿಗೇ ಎಡತೋಳು ಗಿಡ್ಡ.

ಕಾಲರ್ ಹೆಣೆಯುವ ಅಜ್ಜಿ ಎದ್ದಳು. ಜೀವನವಿಡೀ ಬಗ್ಗಿ ಹೆಣೆದು ಅವಳ ಕುತ್ತಿಗೆ ಮೇಲೇಳುತ್ತಿರಲಿಲ್ಲ. ನೆಲ ನೋಡುತ್ತಲೇ ಗುಮಾಸ್ತರ ಮುಂದೆ ಹೋಗಿ ನಿಂತಳು.

"ಪುಸ್ತಕ ತೆಗಿಯಪ್ಪ. ನಂದೂ ಒಂದು ಅಳತೆ ಬರ್ಕೋ. ಕಾಲರ್ ಹಿಂದುಗಡೆ ಉದ್ದ, ಮುಂದುಗಡೆ ಬೇಡವೇ ಬೇಡ."

"ಕಥೆ ಬೇಡಜ್ಜಿ..." ಗುಮಾಸ್ತರಿಗೆ ಅಭ್ಯಾಸ.

"ಕಥೆ ಯಾರು ಹೇಳಿದ್ರು? ಅಳತೆ ಹೇಳ್ತಿದ್ದೀನಿ."

ಅವಳ ಹಿಂದೆ ಇನ್ನೊಬ್ಬಳು. "ನನ್ನ ಮಗಂದು. ನಿಮ್ಮ ಕತ್ತರಿ ಯಂತ್ರದಲ್ಲಿದ್ದ. ಕೈಗವಸು, ಬಲಗೈಗೆ ಮೂರು ಬೆರಳು ಸಾಕು."

ಅವಳ ಹಿಂದೆ ಮತ್ತೊಬ್ಬಳು. ಹೊಸ ಹುಡುಗಿಯೂ ಬಂದು ಸಾಲಿನಲ್ಲಿ ನಿಂತಳು, ತನ್ನಮ್ಮನದು ಅಂದಳು. ಮೇಡಂ ಏನೋ ಕೂಗಿದರು. ಯಾರಿಗೂ ಕೇಳಿಸಲಿಲ್ಲ. ಗುಮಾಸ್ತರು ಮೇಡಂ ಮುಖ ನೋಡಿದರು, ಸಾಲು ನೋಡಿದರು, ಎದುರಿಗೆ ಸ್ವೆಟರ್ ತೊಟ್ಟು ನಿಂತ ಭಾವನ ಕೈ ನೋಡಿದರು. ಮೆಲ್ಲಗೆ ಪೆನ್ನಿನ ಮುಚ್ಚಳ ತೆಗೆದರು.

ಎಲ್ಲಕ್ಕಿಂತ ಮೇಲೆ ಕಡ್ಡಿಯಕ್ಕನ ಹೆಸರು ಬರೆಯಿರಿ ಅಂತ ಅಜ್ಜಿ ಹೇಳಿದಳು. ಬರೆದರು.

ನನ್ನ ಸರದಿ ಬಂತು.

"ನನ್ನ ಗಂಡಂದು ಗುಮಾಸ್ತರೇ. ಹಿಂಜುವ ಯಂತ್ರದಲ್ಲಿದ್ದಾನೆ. ಎದೆ ಅಳತೆ."

"ಎಷ್ಟು?"

ಹೇಳಿದೆ. ಅವರು ಬರೆಯಲು ಬಗ್ಗಿದರು.

"ಪೆನ್ನು ಬೇಡ" ಅಂದೆ. "ಪೆನ್ಸಿಲ್‌ನಲ್ಲಿ ಬರ್ಕೊಳ್ಳಿ. ಇನ್ನೂ ಇಳೀತಾ ಇದೆ."