ಒಂದೇ ಬಟ್ಟೆಯ ಮೇಲೆ ಎರಡು ಡಬ್ಬಿ ಗುಳಿಗೆ

ಹಾಸಿಗೆ ಹೊಲಿಯುವವರ ಮನೆಯಲ್ಲಿ ಒಂದು ನೇಮವುಂಟು. ಸಂಜೆ ಅಂಗಡಿಯ ಬಾಗಿಲು ಹಾಕುವ ಮುನ್ನ ದಬ್ಬಣಗಳನ್ನೆಲ್ಲ ಗೋಡೆಗೆ ತೂಗುಹಾಕಿದ ಮೆತ್ತೆಗೆ ಚುಚ್ಚಿ, ಒಂದೂ ಕಡಿಮೆಯಿಲ್ಲವೆಂದು ನೋಡಿಯೇ ಕೈ ತೊಳೆಯಬೇಕು. ಒಂದು ಕಾಣದಿದ್ದರೂ ಅಂದು ಹೊಲಿದದ್ದನ್ನೆಲ್ಲ ಬಿಚ್ಚಬೇಕು. ಜನ ನಂಬಿಕೆಯಿಂದ ಮೈ ಚಾಚುವ ಜಾಗ ಅದು. ಅಲ್ಲಿ ಮೊನೆ ಇರಬಾರದು. ಆ ಮನೆಯ ಹಿರಿಸೊಸೆ ದೊಡ್ಡಕ್ಕನ ಯಜಮಾನ ಈ ನೇಮವನ್ನು ಸಂಜೆಯ ಪ್ರಾರ್ಥನೆಯಷ್ಟೇ ಭಕ್ತಿಯಿಂದ ನಡೆಸಿಕೊಂಡು ಬಂದವನು.

ಅಂಥವನು ಹೊಲಿದ ಪುಟ್ಟ ಹಾಸಿಗೆಯೊಂದನ್ನು ಒಂದು ಬೆಳಿಗ್ಗೆ ಬಾಣಂತಿಯ ತಾಯಿಯೊಬ್ಬಳು ಕಂಕುಳಲ್ಲಿ ಅವಚಿಕೊಂಡು ಬಂದು ಅಂಗಡಿಯ ಮುಂದೆ ಎಸೆದಳು. ಬದಿಯ ಹೊಲಿಗೆಯಿಂದ ದಬ್ಬಣದ ತುದಿ ಇಣುಕುತ್ತಿತ್ತು.

"ದೇವರು ದೊಡ್ಡವನು, ಮಗೂನ ಮಲಗಿಸೋ ಮುಂಚೆ ಕೈ ಆಡಿಸಿ ನೋಡಿದೆ. ಇಲ್ದಿದ್ರೆ ಏನು ಗತಿ ಹೇಳಿ?"

ಯಜಮಾನ ಹಾಸಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಹೊಲಿಗೆ ಚೆನ್ನಾಗಿದೆ. ಯಾರು ಹೊಲಿದಿದ್ದು?" ಎಂದ.

ಅರಳೆ ಹಿಂಜುತ್ತಿದ್ದ ದೊಡ್ಡಕ್ಕ ಕೈ ನಿಲ್ಲಿಸಿ ಅವನ ಮುಖ ನೋಡಿದಳು.

ಅವಳು ಅದಕ್ಕೆ ಮೊದಲೂ ಇಂಥ ಮರೆವು ಕಂಡಿದ್ದಳು, ಕಂಡೂ ಕಾಣದಂತೆ ಇದ್ದಳು. ಯಜಮಾನ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದ. ಗೂಡಿಗೆ ಹತ್ತಿ ಒಯ್ಯುವ ಹಕ್ಕಿಯಂತೆ ಅವಳ ತಲೆಗೂದಲಲ್ಲಿ ಸದಾ ಅರಳೆಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ಅದನ್ನು ಬೆರಳಲ್ಲಿ ತೆಗೆದು, "ಏನು ಗುಬ್ಬೀ, ಗೂಡು ಎಲ್ಲಿಗೆ ಬಂತು?" ಎಂದಿದ್ದ. ಅಂದಿನಿಂದ ಅದೇ ಅವಳ ಹೆಸರು. ಈಚೆಗೆ ಅವನ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ಯಾವ ದಿನ ನಿಂತಿತೆಂದು ಅವಳಿಗೂ ನೆನಪಿಲ್ಲ. ಬೇಸಿಗೆಯ ಕೆರೆಯಂತೆ ಅದು ನೋಡನೋಡುತ್ತಲೇ ಇಂಗಿಹೋಗಿತ್ತು.

ಮನೆಯಲ್ಲಿ ಅವನೊಬ್ಬನೇ ಅಲ್ಲ. ಪಕ್ಕದ ಕೋಣೆಗಳಲ್ಲಿ ಸಂಸಾರ ಹೂಡಿದ್ದ ಮೈದುನನೂ ದಾರ ತರಲು ಹೋಗಿ ಬರಿಗೈಯಲ್ಲಿ ಬರುತ್ತಿದ್ದ. ದೊಡ್ಡಕ್ಕ ಮತ್ತು ಅವಳ ಓರಗಿತ್ತಿ ಸೇರಿ ಅಣ್ಣತಮ್ಮಂದಿರಿಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇದು ಬರೀ ವಯಸ್ಸಿನ ಮರೆವಲ್ಲ, ಮಿದುಳಿನ ಕಾಯಿಲೆ ಎಂದರು ಡಾಕ್ಟರು. ಕೆಲವರಲ್ಲಿ ಸ್ವಲ್ಪ ಕಾಲ ತಡೆಹಿಡಿಯುವ ಔಷಧಿ ಇದೆ, ಹಿಂದಕ್ಕೆ ತಿರುಗಿಸುವಂಥದ್ದು ಇಲ್ಲ ಎಂದರು.

"ಡಾಕ್ಟರ ಮಾತು ಬಿಡಿ ದೊಡ್ಡಕ್ಕಾ," ಎಂದಳು ಎದುರಿನ ಇಸ್ತ್ರಿ ಅಂಗಡಿಯವಳು. "ಒಂದೆಲಗದ ಸೊಪ್ಪು ಅರೆದು ಬೆಳಿಗ್ಗೆ ಬರಿಹೊಟ್ಟೇಲಿ ಕುಡಿಸಿ. ನಮ್ಮ ಮಾವ ಕುಡೀತಿದ್ರು. ತನಗೆ ಯಾರ್ಯಾರು ಬೈದಿದ್ರು ಅಂತ ಸಾಯೋವರೆಗೂ ಒಂದನ್ನೂ ಬಿಡದೆ ನೆನಪಿಟ್ಕೊಂಡಿದ್ರು."

ದೊಡ್ಡಕ್ಕ ನೀರು ಹರಿಯುವಲ್ಲೆಲ್ಲ ಹುಡುಕಿ ಸೊಪ್ಪು ತಂದಳು. ದೀಪದ ಮುಂದೆ ಲೋಟ ಇಟ್ಟು ಕೈಮುಗಿದೇ ಕುಡಿಸುತ್ತಿದ್ದಳು. ಅಷ್ಟರಲ್ಲಿ ಆಸ್ಪತ್ರೆಯ ನರ್ಸಮ್ಮ ಮನೆಗೆ ಬಂದಳು. ಅರೆಯುವ ಕಲ್ಲಿನ ಮೇಲಿನ ಹಸಿರು ನೋಡಿ ಅಲ್ಲೇ ಕೂತಳು.

"ಇದನ್ನ ಕುಡಿಸ್ತಿರೋದು ಡಾಕ್ಟರಿಗೆ ಹೇಳಿದ್ರಾ?"

"ಸೊಪ್ಪಿಗೆಲ್ಲ ಡಾಕ್ಟರ ಅಪ್ಪಣೆ ಬೇಕಾ ತಾಯೀ?"

"ಅಪ್ಪಣೆ ಬೇಡ, ತಿಳಿಸಬೇಕು. ಅವರು ಕೊಟ್ಟ ಮಾತ್ರೆ ಜೊತೆ ಸೊಪ್ಪು ಸೇರಿ ಏನಾಗುತ್ತೋ ಯಾರಿಗೆ ಗೊತ್ತು? ನೋಡಿ, ಇದೇ ಸೊಪ್ಪನ್ನ ನಮ್ಮಲ್ಲಿ ಪರೀಕ್ಷೆ ಮಾಡ್ತಿದ್ದಾರೆ. ಸತ್ವ ತೆಗೆದು ಗುಳಿಗೆ ಮಾಡಿದ್ದಾರೆ."

"ಮುತ್ತಜ್ಜಿ ಕಾಲದಿಂದ ತಿಂದ್ಕೊಂಡು ಬಂದಿರೋ ಸೊಪ್ಪಿಗೆ ಪರೀಕ್ಷೆನಾ? ಅದೇನು ಸ್ಕೂಲಿಗೆ ಹೋಗುತ್ತಾ?"

ನರ್ಸಮ್ಮ ನಕ್ಕಳು. "ಹೋಗ್ಲೇಬೇಕು. ಪಾಸಾಗುತ್ತೋ ಫೇಲಾಗುತ್ತೋ ನಂಗೂ ಗೊತ್ತಿಲ್ಲ. ಮುತ್ತಜ್ಜಿ ತಿಂದ್ರು ಅನ್ನೋದು ಪರೀಕ್ಷೆ ಮಾಡೋಕೆ ಒಳ್ಳೇ ಕಾರಣ. ಈ ಕಾಯಿಲೆ ವಾಸಿಯಾಗುತ್ತೆ ಅನ್ನೋದಕ್ಕೆ ಅದು ಸಾಕ್ಷಿ ಅಲ್ಲ ದೊಡ್ಡಕ್ಕ."

ಆಮೇಲೆ ಪರೀಕ್ಷೆಯ ಬಗೆ ಹೇಳಿದಳು. ಅರ್ಧ ಜನರಿಗೆ ಸತ್ವವಿರುವ ಗುಳಿಗೆ, ಉಳಿದವರಿಗೆ ಹಾಗೇ ಕಾಣುವ, ಸತ್ವವಿಲ್ಲದ ಗುಳಿಗೆ. ಯಾರಿಗೆ ಯಾವುದೆಂದು ಅವಳಿಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ.

"ಅಯ್ಯೋ ದೇವರೇ! ಒಬ್ಬನಿಗೆ ಊಟ, ಒಬ್ಬನಿಗೆ ಖಾಲಿ ತಟ್ಟೆ. ಇದ್ಯಾವ ನ್ಯಾಯ?"

"ತಟ್ಟೇಲಿರೋದು ಊಟ ಅಂತ ಯಾರಿಗೆ ಗೊತ್ತು? ಮೈಗೆ ಆಗದೆ ಇರೋದೂ ಇರಬಹುದು. ಈ ಕಾಯಿಲೇಲಿ ಒಳ್ಳೇ ದಿನ ಕೆಟ್ಟ ದಿನ ತಾನಾಗೇ ಬಂದು ಹೋಗುತ್ತೆ. ಒಳ್ಳೇ ದಿನ ಗುಳಿಗೆಯಿಂದ ಬಂತೋ ಸುಮ್ನೆ ಬಂತೋ ಅಂತ ತಿಳಿಯೋಕೆ ಬೇರೆ ದಾರಿ ಇಲ್ಲ."

ಅವಳು ಅಣ್ಣತಮ್ಮಂದಿರನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿ, ನಿಧಾನವಾಗಿ ಕೇಳಿದಳು. ಬೇಡವೆಂದರೆ ಬೇಡ, ನಡುವೆ ಬಿಡಬೇಕೆನಿಸಿದರೆ ಯಾವತ್ತು ಬೇಕಾದರೂ ಬಿಡಬಹುದು ಎಂದಳು. ಯಜಮಾನನಿಗೆ ಅಂದು ತಿಳಿಯಾದ ಬೆಳಿಗ್ಗೆ.

"ಹೊಸ ಅರಳೆ ಬಂದ್ರೆ ನಾವೂ ಮೊದ್ಲು ಒಂದು ದಿಂಬು ಹೊಲಿದು ನೋಡ್ತೀವಲ್ಲ, ಹಾಗೇ ತಾನೇ? ಆಗ್ಲಿ," ಎಂದ.

ಮೈದುನನೂ ಒಪ್ಪಿದ. ಮನೆಯ ಸೊಪ್ಪು ನಿಂತಿತು. ಒಬ್ಬೊಬ್ಬರಿಗೆ ಒಂದರಂತೆ ಎರಡು ಡಬ್ಬಿಗಳು ದೀಪದ ಗೂಡಿನ ಪಕ್ಕದ ಹಲಗೆಯ ಮೇಲೆ ಬಂದು ಕೂತವು. ಒಳಗಿನ ಗುಳಿಗೆಗಳು ಒಂದೇ ಬಣ್ಣ, ಒಂದೇ ಗಾತ್ರ. ದೊಡ್ಡಕ್ಕ ಮೂಸಿಯೂ ನೋಡಿದಳು.

ಮೊದಲ ಡಬ್ಬಿ ಅರ್ಧ ಕಳೆಯುವಷ್ಟರಲ್ಲಿ ಮೈದುನ ಒಂದು ದಿನ ಹೊಲಿಯುತ್ತಾ ಕೂತವನು ತಲೆಯೆತ್ತಿ, "ಅತ್ತಿಗೆ, ಕುಂಬಾರರ ಮನೆ ಹಾಸಿಗೆಗೆ ನೀಲಿ ಗವುಸು ಹೇಳಿದ್ರಲ್ಲ, ಇದ್ಯಾಕೆ ಬಿಳಿ?" ಎಂದ. ಸರಿಯಾಗಿತ್ತು. ಓರಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದೇ ದಿನ ಊಟಕ್ಕೆ ಕೂತ ಯಜಮಾನ, ಬಡಿಸುತ್ತಿದ್ದ ದೊಡ್ಡಕ್ಕನನ್ನು ನೋಡಿ ಮರ್ಯಾದೆಯಿಂದ, "ನಿಮ್ಮ ಮನೆಯವರು ಎಲ್ಲಿ ತಾಯೀ? ಅವರ ಊಟ ಆಯ್ತಾ?" ಎಂದು ಕೇಳಿದ.

ಅವಳು ಸೌಟನ್ನು ಪಾತ್ರೆಯಲ್ಲಿಟ್ಟು ಒಳಗೆ ಹೋದಳು.

"ನಮ್ಮ ಡಬ್ಬೀಲಿ ಏನೂ ಇಲ್ಲ ಕಣೇ," ಎಂದಳು ಮಧ್ಯಾಹ್ನ ಓರಗಿತ್ತಿಗೆ. "ಮದ್ದು ಇರೋದು ನಿಮ್ಮದ್ರಲ್ಲಿ."

ಓರಗಿತ್ತಿ ತಲೆ ತಗ್ಗಿಸಿದಳು. ತನ್ನ ಮನೆಗೆ ಬಂದ ಪುಣ್ಯ ಕದ್ದ ಮಾಲಿನಂತೆ ಅವಳನ್ನು ಚುಚ್ಚುತ್ತಿತ್ತು. "ಅಕ್ಕಾ," ಎಂದಳು ಕೊನೆಗೆ, "ಒಂದೇ ಮನೆಗೆ ಎರಡು ಹಾಸಿಗೆ ಹೊಲಿಯೋವಾಗ ನಾವೇನು ಮಾಡ್ತೀವಿ?"

ಅದು ಆ ಮನೆಯ ಹಳೆಯ ಪದ್ಧತಿ. ಒಂದೇ ಮನೆಗೆ ಎರಡು ಹಾಸಿಗೆಯೆಂದರೆ ಅರಳೆಯನ್ನೆಲ್ಲ ಒಂದೇ ಬಟ್ಟೆಯ ಮೇಲೆ ಸುರಿದು, ಒಟ್ಟಿಗೇ ಹಿಂಜಿ, ಆಮೇಲೆ ಎರಡು ಪಾಲು ಮಾಡುತ್ತಾರೆ. ಒಬ್ಬರು ಮೆತ್ತನೆಯದರ ಮೇಲೆ, ಒಬ್ಬರು ಗಟ್ಟಿಯದರ ಮೇಲೆ ಮಲಗಬಾರದು.

ಇಬ್ಬರೂ ಒಗೆದ ಬಿಳಿ ಬಟ್ಟೆ ಹಾಸಿದರು. ಎರಡು ಡಬ್ಬಿಯ ಗುಳಿಗೆಯನ್ನೂ ಸುರಿದು, ಅರಳೆಯಲ್ಲಿ ಬೆರಳಾಡಿಸುವಂತೆ ಮೆಲ್ಲಗೆ ಕಲಸಿ, ಸಮನಾಗಿ ಎರಡು ಪಾಲು ಮಾಡಿದರು. ಹೊಸ ಡಬ್ಬಿ ಬಂದಾಗಲೆಲ್ಲ ಹಾಗೇ ಮಾಡಿದರು. ತಪ್ಪೆಂದು ಒಬ್ಬರಿಗೂ ಅನ್ನಿಸಲಿಲ್ಲ. ದೇವರು ಮೆಚ್ಚುವ ಕೆಲಸವೆಂದೇ ದೀಪದ ಮುಂದೆಯೇ ಕೂತು ಮಾಡಿದರು. ಹಸಿದವನ ಜೊತೆ ಹಂಚಿಕೊಳ್ಳುವ ಕೈಯನ್ನು ಯಾರು ತಾನೇ ಬೈದಾರು? ನರ್ಸಮ್ಮ ಬಂದು, "ಗುಳಿಗೆ ಸರಿಯಾಗಿ ತಗೋತಿದ್ದಾರಾ?" ಎಂದರೆ, "ಒಂದೂ ತಪ್ಪಿಲ್ಲ," ಎನ್ನುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ.

ಹೊಲಿದ ಹಾಸಿಗೆಯೊಳಗೆ ಉಳಿದ ದಬ್ಬಣ ಮೇಲಿನಿಂದ ಕಾಣುವುದಿಲ್ಲ.

ಕೆಲವು ವಾರಗಳಾದ ಮೇಲೆ ಮೈದುನನಿಗೆ ಅನ್ನ ಸೇರದಾಯಿತು. ಕಣ್ಣು ಹಳದಿಯಾಯಿತು. ಆಸ್ಪತ್ರೆಯಲ್ಲಿ ರಕ್ತ ನೋಡಿ ಲಿವರ್ ಕೆಟ್ಟಿದೆ ಎಂದರು, ಗುಳಿಗೆ ನಿಲ್ಲಿಸಿದರು. ಯಾವ ಡಬ್ಬಿಯಲ್ಲಿ ಯಾವ ಗುಳಿಗೆ ಎಂಬ ಗುಟ್ಟು ಇಟ್ಟುಕೊಂಡಿದ್ದವರಿಗೆ ಡಾಕ್ಟರು ಫೋನ್ ಮಾಡಿ, ಬಂದು ಹೇಳಿದರು.

"ಇವರಿಗೆ ಬರ್ತಿದ್ದದ್ದು ಸತ್ವ ಇಲ್ಲದ ಗುಳಿಗೆ. ಹಾಗಾಗಿ ಇದು ಗುಳಿಗೆಯಿಂದ ಆಗಿದ್ದಲ್ಲ. ಪಿತ್ತದ ನಾಳದಲ್ಲಿ ಏನೋ ಅಡ್ಡ ಸಿಕ್ಕಿರಬೇಕು. ಗಂಟಲಿಂದ ಕೊಳವೆ ಇಳಿಸಿ ನೋಡ್ತೀವಿ. ಇಷ್ಟು ಸೊರಗಿದ ಜೀವಕ್ಕೆ ಸ್ವಲ್ಪ ಅಪಾಯನೇ. ಆದ್ರೆ ಬೇರೆ ದಾರಿ ಕಾಣ್ತಿಲ್ಲ."

ಓರಗಿತ್ತಿ ದೊಡ್ಡಕ್ಕನ ಕಡೆ ತಿರುಗಿದಳು.

ಹಾಗಾದರೆ ಮೈದುನನಿಗೆ ನೀಲಿ ಗವುಸು ನೆನಪಾದದ್ದು ಗುಳಿಗೆಯಿಂದಲ್ಲ. ಅದು ತಾನಾಗಿ ಬಂದ ಒಳ್ಳೆಯ ದಿನ. ನರ್ಸಮ್ಮ ಮೊದಲೇ ಹೇಳಿದ್ದಳು. ಹಾಗಾದರೆ ಮದ್ದು ಇದ್ದದ್ದಾದರೆ ಅದು ತನ್ನ ಯಜಮಾನನ ಡಬ್ಬಿಯಲ್ಲೇ! ತಾನೇ ಅದನ್ನು ಹಂಚಿ ಅರ್ಧ ಮಾಡಿದ್ದಳು. ಹಂಚಿದ ಅರ್ಧವೇ ಈ ಹಳದಿ ಕಣ್ಣಾಗಿ ಮಲಗಿರಬಹುದು.

"ನಿಮ್ಮ ಯಜಮಾನರದ್ದು ನಿಲ್ಲಿಸಬೇಕಾಗಿಲ್ಲ, ಅವರ ರಕ್ತ ಸರಿಯಾಗೇ ಇದೆ," ಎಂದರು ಡಾಕ್ಟರು ಹೊರಡುತ್ತಾ.

ಈಗ ಬಾಯಿ ಮುಚ್ಚಿಕೊಂಡರೆ ಸಾಕು, ಇನ್ನುಮೇಲೆ ಆ ಡಬ್ಬಿ ಪೂರ್ತಿ ಅವನದೇ. ಗುಬ್ಬೀ ಎಂಬ ಮಾತು ಮತ್ತೆ ಬಂದರೂ ಬರಬಹುದು. ಬಾಯಿ ಬಿಟ್ಟರೆ ಅದೂ ಹೋಗುತ್ತದೆ. ದೊಡ್ಡಕ್ಕ ಕಣ್ಣು ಮುಚ್ಚಿ ದೇವರನ್ನು ನೆನೆದಳು. ಒಳಗೆ ಮಂಚದ ಮೇಲೆ ಮೈದುನ ನರಳಿದ.

"ಡಾಕ್ಟರೇ, ನಿಲ್ಲಿ. ಕೊಳವೆ ಹಾಕ್ಬೇಡಿ. ನಾವು ಎರಡೂ ಡಬ್ಬಿ ಕಲಸಿದ್ದೀವಿ."

ಡಾಕ್ಟರ ಜೊತೆಗಿದ್ದ ನರ್ಸಮ್ಮ ತಿರುಗಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಯಾವಾಗಿಂದ ದೊಡ್ಡಕ್ಕ?" ಎಂದಷ್ಟೇ ಕೇಳಿದಳು.

"ಮೊದಲನೇ ಡಬ್ಬಿ ಅರ್ಧ ಆದಾಗಿಂದ. ನನ್ನ ಯಜಮಾನರಿಗೇ ಸಿಗ್ಲಿ ಅಂತ ಅಲ್ಲ ತಾಯೀ. ಇಬ್ಬರಿಗೂ ಸಮ ಆಗ್ಲಿ ಅಂತ."

ಕೊಳವೆ ತಡೆದರು. ಎರಡೂ ಡಬ್ಬಿ ವಾಪಸಾದವು. ಇಬ್ಬರೂ ಪರೀಕ್ಷೆಯಿಂದ ಹೊರಗೆ. ಮೈದುನನ ಕಣ್ಣು ನಿಧಾನವಾಗಿ ತಿಳಿಯಾಯಿತು, ಆದರೆ ಮಲಗಿ ಎದ್ದವನಿಗೆ ಹೊಲಿಗೆಯೇ ಮರೆತುಹೋಗಿತ್ತು.

"ಸೊಪ್ಪಿಂದಲೇ ಹೀಗಾಯ್ತಾ?" ಎಂದು ಕೇಳಿದಳು ದೊಡ್ಡಕ್ಕ.

"ಇರಬಹುದು. ಇಲ್ಲದೆಯೂ ಇರಬಹುದು," ಎಂದಳು ನರ್ಸಮ್ಮ. "ಯಾರು ಎಷ್ಟು ಸತ್ವ ತಗೊಂಡ್ರು ಅಂತ ಈಗ ಹೇಳೋಕೆ ಬರಲ್ಲ. ಒಳ್ಳೇದೋ ಕೆಟ್ಟದ್ದೋ, ನಿಮ್ಮ ಎರಡು ಮನೆಯಿಂದ ಸಿಗಬೇಕಾಗಿದ್ದ ಉತ್ತರ ಕಳೆದುಹೋಯ್ತು. ಆದ್ರೂ ನೀವು ಹೇಳಿದ್ದು ಒಳ್ಳೇದಾಯ್ತು. ಪರೀಕ್ಷೇಲಿರೋ ಉಳಿದವರ ರಕ್ತಾನೂ ಈಗ ಬೇಗ ಬೇಗ ನೋಡ್ತಿದ್ದಾರೆ."

"ನಾನು ಮತ್ತೆ ಸೊಪ್ಪು ಅರೆದು ಕೊಡ್ಲಾ?"

"ಬೇಡ."

"ಮತ್ತೆ ಏನೂ ಇಲ್ವಾ?"

ನರ್ಸಮ್ಮ ಅವಳ ಕೈ ಹಿಡಿದುಕೊಂಡಳು. "ಅವರನ್ನ ವಾಪಸ್ ಕರ್ಕೊಂಡು ಬರೋಂಥದ್ದು ಇವತ್ತಿಗೆ ನಮ್ಮ ಹತ್ರ ಇಲ್ಲ ದೊಡ್ಡಕ್ಕ. ಅದಕ್ಕೇ ಹುಡುಕ್ತಿರೋದು."

ದೊಡ್ಡಕ್ಕ ಆ ಕೈಯನ್ನು ಒತ್ತಿ ಹಿಡಿದಳು. ಆಮೇಲೆ, "ಗುಳಿಗೆ ಕೊಡದಿದ್ರೂ ಪರ್ವಾಗಿಲ್ಲ, ಕರೆದಾಗ ಬರ್ತೀವಿ. ಇವರ ಮರೆವು ಹೇಗೆ ಬೆಳೀತಿದೆ ಅಂತ ನೋಡ್ಕೊಳ್ಳಿ. ಮುಂದಿನವರಿಗಾದ್ರೂ ಬೇಕಾಗುತ್ತೆ," ಎಂದಳು. ಓರಗಿತ್ತಿಯೂ ತಲೆಯಾಡಿಸಿದಳು.

ಮೊನ್ನೆ ಇಸ್ತ್ರಿ ಅಂಗಡಿಯವಳು ಬಂದಿದ್ದಳು. ಅವಳ ಗಂಡನೂ ಈಗ ಅದೇ ಪರೀಕ್ಷೆಯಲ್ಲಿದ್ದಾನೆ. "ಗುಳಿಗೆ ಜೊತೆ ಸ್ವಲ್ಪ ಸೊಪ್ಪಿನ ರಸಾನೂ ಕೊಟ್ರೆ ಬೇಗ ಹಿಡಿಯಲ್ವಾ?" ಎಂದಳು ಗುಟ್ಟಾಗಿ.

"ನನ್ನ ಮನೆ ನೋಡಿ ಕೇಳ್ತಿದ್ದೀಯಲ್ಲೇ," ಎಂದಳು ದೊಡ್ಡಕ್ಕ. "ಮಾಡೋಕಾಗಲ್ಲ ಅಂದ್ರೆ ಹೋಗಿ ಆಗಲ್ಲ ಅನ್ನು, ಬಿಟ್ಟುಬಿಡು. ಯಾರೂ ಏನೂ ಅನ್ನಲ್ಲ. ಕಲಸಬೇಡ ಮಾತ್ರ."

ಯಜಮಾನ ಪಕ್ಕದಲ್ಲೇ ಕೂತಿದ್ದ. ಈಗ ಅವನ ಕೈಗೆ ದಬ್ಬಣ ಕೊಡುವುದಿಲ್ಲ, ಹಿಡಿ ಅರಳೆ ಕೊಡುತ್ತಾರೆ. ಅದನ್ನೇ ಬಿಡಿಸುತ್ತಾ ಕೂತಿರುತ್ತಾನೆ. ಅಂದು ತಟ್ಟನೆ ಕೈ ಚಾಚಿ ದೊಡ್ಡಕ್ಕನ ಕೂದಲಿನಿಂದ ಒಂದು ಎಳೆ ಹತ್ತಿ ತೆಗೆದ. ಬೆರಳ ತುದಿಯಲ್ಲಿ ಹಿಡಿದು ನೋಡಿದ. ತುಟಿ ಅಲುಗಿತು. ಅವಳು ಹತ್ತಿರ ಬಾಗಿದಳು.

"ಹತ್ತಿ ಮೆತ್ಕೊಂಡಿತ್ತು ತಾಯೀ," ಎಂದ. ಎಳೆಯನ್ನು ಜೋಪಾನವಾಗಿ ಅವಳ ಅಂಗೈಯಲ್ಲಿಟ್ಟ.

ಓದುತ್ತಿರುವ ಅಕ್ಕಂದಿರೇ, ಕೂತು ಕೇಳುತ್ತಿರುವ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ತಾವೇ ಮಾಡಿದ ಕೆಲಸವನ್ನೇ ಯಾರದ್ದೆಂದು ಕೇಳುತ್ತಿರಬಹುದು. ವಯಸ್ಸಾಯಿತೆಂದು ಸುಮ್ಮನಿರಬೇಡಿ, ಬೇಗ ಕರೆದೊಯ್ದು ತೋರಿಸಿ. ಸೊಪ್ಪು, ಬೇರು, ಚೂರ್ಣ ಏನು ಕೊಡುತ್ತಿದ್ದರೂ ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಬರೆದುಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಗಿಡಮೂಲಿಕೆಯ ಪರೀಕ್ಷೆಗೆ ಕರೆದರೆ, ಇದರಿಂದ ಏನಾಗಬಹುದು, ಏನಾಗದಿರಬಹುದು ಎಂದು ಸಮಾಧಾನವಾಗುವವರೆಗೂ ಕೇಳಿ. ಸೇರುವುದೂ ಬಿಡುವುದೂ ನಿಮ್ಮ ಇಷ್ಟ. ಸೇರಿದ ಮೇಲೆ ಒಬ್ಬರ ಗುಳಿಗೆ ಒಬ್ಬರಿಗೇ ಇರಲಿ, ಪ್ರೀತಿಯಿಂದ ಕೂಡ ಹಂಚಬೇಡಿ. ತಪ್ಪಾಗಿದ್ದರೆ ಅಂದೇ ಹೇಳಿಬಿಡಿ.

ನಮ್ಮ ಹಿತ್ತಲ ಗಿಡದಲ್ಲಿ ಈ ಕಾಯಿಲೆಗೆ ಮದ್ದು ಇದೆಯೋ ಇಲ್ಲವೋ, ಇನ್ನೂ ತಿಳಿಯಬೇಕಾಗಿದೆ. ತಿಳಿಯುವ ಹೊತ್ತಿಗೆ ದೊಡ್ಡಕ್ಕನಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಇದನ್ನು ಬಲ್ಲವಳಾಗಿಯೂ ಅವಳು ಯಜಮಾನನ ಕೈ ಹಿಡಿದುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುತ್ತಾಳೆ. ನೀವು ಹೋದಾಗ ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ.